ಫ್ರೆಂಚಿನ ಲಿಬ್ರೆರಿ ಲೈಬ್ರರಿ ಅಲ್ವಂತೆ! ಈ ಎರಡು ಭಾಷೆ ಪದಗಳ ನಂಟು ಯಾರಾದ್ರೂ ಬಿಡಿಸಿ ಹೇಳ್ತೀರಾ?

ಅರ್ಧಂಬರ್ಧ:

ಎಲ್ರಿಗೂ ನಮಸ್ಕಾರ. ನಾನು ಫ್ರೆಂಚ್ ಕಲಿಯೋಕೆ ಕೂತು ಐದು ತಿಂಗಳಾಯ್ತು. ಮೊದಲ ತಿಂಗಳು ಎಷ್ಟು ಖುಷಿ ಅಂದ್ರೆ, ಅರ್ಧಕ್ಕರ್ಧ ಪದ ಇಂಗ್ಲಿಷಲ್ಲೇ ಗೊತ್ತಿರೋವು, ಸ್ವಲ್ಪ ಮೂಗಲ್ಲಿ ಅಂದ್ರೆ ಫ್ರೆಂಚ್ ಆಗೋಯ್ತು ಅನ್ನೋ ಧೈರ್ಯ ಬಂದಿತ್ತು. ಈಗ ಅದೇ ಧೈರ್ಯ ತಿರುಗಿ ಹೊಡೀತಿದೆ. ಮೊನ್ನೆ ಹೋಮ್‌ವರ್ಕಲ್ಲಿ "ಪುಸ್ತಕ ಎರವಲು ತರೋಕೆ ಲಿಬ್ರೆರಿಗೆ ಹೋದೆ" ಅಂತ ಬರೆದೆ, ಟೀಚರ್ ಕೆಂಪು ಗೆರೆ ಎಳೆದು "ಅದು ಪುಸ್ತಕದ ಅಂಗಡಿ, ಅಲ್ಲಿ ದುಡ್ಡು ಕೊಡದೆ ತಂದ್ರೆ ಕಳ್ಳತನ" ಅಂತ ಬರೆದು ಕಳಿಸಿದ್ರು. ರೆಜಾಂ ಅಂದ್ರೆ ಒಣದ್ರಾಕ್ಷಿ ಅಂದ್ಕೊಂಡಿದ್ದೆ, ಹಸಿ ದ್ರಾಕ್ಷಿಯಂತೆ. ಇಂಗ್ಲಿಷಲ್ಲಿ ಪೇನ್ ಅಂತ ಓದೋ ಅದೇ ನಾಕು ಅಕ್ಷರ ಫ್ರೆಂಚಲ್ಲಿ ಪ್ಯಾಂ, ಅಂದ್ರೆ ಬ್ರೆಡ್ಡು. ಒಂದು ಕಥೆಯಲ್ಲಿ ಹುಡುಗ ಬೆಳಿಗ್ಗೆ ಎದ್ದು ನೋವು ಕೊಂಡ್ಕೊಂಡು ಬಂದ ಅಂತ ಓದ್ಕೊಂಡು, ಎಂಥ ದುಃಖದ ಕಥೆನಪ್ಪಾ ಅಂತ ಅರ್ಧ ಪುಟ ಮರುಗಿದ್ದೆ.

ಕೇಳೋದು ಇಷ್ಟೇ. ಇಂಗ್ಲಿಷು ಫ್ರೆಂಚಿಂದ ತಗೊಂಡಿದ್ದಾ, ಫ್ರೆಂಚು ಇಂಗ್ಲಿಷಿಂದ ತಗೊಂಡಿದ್ದಾ, ಇಲ್ಲ ಎರಡೂ ಒಂದೇ ಕಡೆಯಿಂದ ಬಂದಿದ್ದಾ? ತಗೊಂಡಿದ್ರೆ ಅರ್ಥ ಯಾಕೆ ಬೇರೆ ಆಯ್ತು? ಯಾವುದನ್ನ ನಂಬಬಹುದು ಯಾವುದನ್ನ ನಂಬಬಾರದು ಅನ್ನೋದಕ್ಕೆ ಏನಾದ್ರೂ ಸೂತ್ರ ಇದೆಯಾ?

ಪದಗಂಟು:

ಮೂರೂ ಹೌದು, ಅದಕ್ಕೇ ತಲೆ ಕೆಡೋದು. ಆದ್ರೆ ದೊಡ್ಡ ಪಾಲು ಫ್ರೆಂಚಿಂದ ಇಂಗ್ಲಿಷಿಗೆ ಹೋಗಿದ್ದು. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜ ಆದ, ಅವನ ಜೊತೆ ಬಂದ ಜಮೀನ್ದಾರರು ಪಾದ್ರಿಗಳು ಎಲ್ಲಾ ಒಂದು ಥರದ ಫ್ರೆಂಚ್ ಮಾತಾಡೋರು, ಮುಂದಿನ ಸುಮಾರು ಮುನ್ನೂರು ವರ್ಷ ಆಳೋರ ಮಾತು ಅದೇ. ಕೋರ್ಟು, ಜಡ್ಜು, ಜೂರಿ, ಈಗ ನಮ್ಮ ಬಾಯಲ್ಲೂ ಇರೋ ಈ ಪದಗಳೆಲ್ಲಾ ಆ ಕಾಲದ ಬಳುವಳಿ. 1362ರಲ್ಲಿ ಕೋರ್ಟಲ್ಲಿ ವಾದ ಇಂಗ್ಲಿಷಲ್ಲೇ ನಡೀಬೇಕು ಅಂತ ಕಾನೂನು ಮಾಡಿದ್ರು, ತಮಾಷೆ ಏನಂದ್ರೆ ಆ ಕಾನೂನನ್ನ ಬರೆದಿದ್ದೂ ಫ್ರೆಂಚಲ್ಲೇ. ಇವತ್ತಿಗೂ ಬ್ರಿಟನ್ನಿನ ಪಾರ್ಲಿಮೆಂಟಲ್ಲಿ ಮಸೂದೆಗೆ ರಾಜನ ಒಪ್ಪಿಗೆ ಸಿಕ್ಕಿದೆ ಅಂತ ಹೇಳೋ ವಾಕ್ಯ ಹಳೇ ಫ್ರೆಂಚಿನದೇ.

ಈಗ ಅರ್ಥ ಯಾಕೆ ಬೇರೆ ಆಯ್ತು ಅನ್ನೋದಕ್ಕೆ ಬರ್ತೀನಿ. ಪದ ಎರವಲು ಹೋದ ಮೇಲೆ ಎರಡೂ ಕಡೆ ಅದರ ಬಾಳು ಬೇರೆ ಬೇರೆ ಆಗುತ್ತೆ, ಒಂದು ಸಲ ಮನೆ ಬಿಟ್ಟ ಮೇಲೆ ತವರಲ್ಲಿ ಏನು ಬದಲಾಯ್ತು ಅಂತ ಅದಕ್ಕೆ ಗೊತ್ತಾಗೋದಿಲ್ಲ. ನಿಮ್ಮ ಲೈಬ್ರರಿನೇ ತಗೊಳ್ಳಿ. ಲ್ಯಾಟಿನ್ನಲ್ಲಿ ಲಿಬೆರ್ ಅಂದ್ರೆ ಪುಸ್ತಕ, ಅದಕ್ಕೂ ಮುಂಚೆ ಮರದ ಒಳತೊಗಟೆ. ಹಳೇ ಫ್ರೆಂಚಲ್ಲಿ ಲಿಬ್ರೆರಿ ಅಂದ್ರೆ ಪುಸ್ತಕ ಕೂಡಿಟ್ಟ ಜಾಗ ಅಂತಲೇ ಅರ್ಥ ಇತ್ತು, ಇಂಗ್ಲಿಷರು ಆಗ ತಗೊಂಡಿದ್ದು. 16ನೇ ಶತಮಾನದ ಫ್ರೆಂಚ್ ಲೇಖಕ ಮೋಂತೇನ್ ಕೂಡ ತನ್ನ ಮನೆಯ ಪುಸ್ತಕದ ಕೋಣೆನ ಲಿಬ್ರೆರಿ ಅಂತಲೇ ಬರೀತಾನೆ. ಆಮೇಲೆ ಫ್ರಾನ್ಸಲ್ಲಿ ಗ್ರೀಕ್ ಮೂಲದ ಬಿಬ್ಲಿಯೊತೆಕ್ ಅನ್ನೋ ಪದ ಬಂದು ಆ ಕುರ್ಚಿ ಹಿಡೀತು, ಲಿಬ್ರೆರಿಗೆ ಅಂಗಡಿ ಕೆಲಸ ಮಾತ್ರ ಉಳೀತು. ಅಂದ್ರೆ ಇಲ್ಲಿ ಜಾರಿದ್ದು ಫ್ರೆಂಚು, ಹಳೇ ಅರ್ಥ ಕಾಪಾಡಿದ್ದು ಇಂಗ್ಲಿಷು. ನೀವು ಬರೆದಿದ್ದು ನಾಕೈನೂರು ವರ್ಷ ಲೇಟು ಅಷ್ಟೇ, ತಪ್ಪಲ್ಲ :)

ದ್ರಾಕ್ಷಿದು ಇನ್ನೂ ಮಜಾ ಇದೆ. ಫ್ರೆಂಚಲ್ಲಿ ರೆಜಾಂ ಅಂದ್ರೆ ದ್ರಾಕ್ಷಿ, ಗ್ರಾಪ್ ಅಂದ್ರೆ ಗೊಂಚಲು. ಇಂಗ್ಲಿಷರಿಗೆ ದ್ರಾಕ್ಷಿಗೆ ಮುಂಚೆ ಅವರದ್ದೇ ಪದ ಇತ್ತು, ವೈನ್ ಬೆರಿ ಅನ್ನೋ ಥರದ್ದು. ಗೊಂಚಲಿನ ಹೆಸರು ತಗೊಂಡೋಗಿ ಬಿಡಿಹಣ್ಣಿಗೆ ಗ್ರೇಪ್ ಅಂತ ಇಟ್ರು, ಹಣ್ಣಿನ ಹೆಸರನ್ನ ಒಣಗಿಸಿ ರೈಸಿನ್ ಮಾಡಿದ್ರು. ಪ್ರೂನ್ ಕಥೆನೂ ಅದೇ, ಫ್ರೆಂಚಲ್ಲಿ ಅದು ಹಸಿಹಣ್ಣು, ಇಂಗ್ಲಿಷಲ್ಲಿ ಒಣಗಿದ್ದು. ಹಸಿಹಣ್ಣಿಗೆ ಇಂಗ್ಲಿಷಲ್ಲಿರೋ ಪ್ಲಮ್ ಕೂಡ ಅದೇ ಲ್ಯಾಟಿನ್ ಪದದಿಂದ ಬಂದಿದ್ದೇ, ಆದ್ರೆ ನಾರ್ಮನ್ನರು ಬರೋದಕ್ಕಿಂತ ಎಷ್ಟೋ ಮುಂಚೆ ಬಂದಿದ್ದು. ಒಂದೇ ಮರದ ಹಣ್ಣು ಎರಡು ಸಲ ಆಮದಾಗಿದೆ.

ಹಳೇ ಮಾಸ್ತರ:

ಸೂತ್ರ ಕೇಳೀರಲ್ಲ, ಒಂದು ಚಲೋ ಸೂತ್ರ ಅದ ನೋಡ್ರಿ. ಫ್ರೆಂಚ್ ಅಕ್ಷರದ ಮ್ಯಾಲೆ ಸಣ್ಣ ಟೋಪಿ ಹಾಕಿರ್ತಾರಲ್ಲ, ಆ ಟೋಪಿ ಅಡಿಯಾಗ ಭಾಳ ಸಲ ಒಂದು ಎಸ್ ಹೂತಿಟ್ಟಿರ್ತದ. ಮೊದಲು ಆ ಎಸ್ ಉಚ್ಚಾರ ಮಾಡ್ತಿದ್ರು, ಆಮ್ಯಾಲೆ ಬಾಯಾಗಿಂದ ಹೋತು, ಬರವಣಿಗಿಯೊಳಗ ಸುಮ್ಮ ಕುಂತಿತ್ತು, 1740ರ ಹೊತ್ತಿಗೆ ಫ್ರೆಂಚ್ ಅಕಾಡೆಮಿಯವರು ಡಿಕ್ಷನರಿಯೊಳಗ ಅದನ್ನ ತೆಗೆದು ಟೋಪಿ ಹಾಕಿದ್ರು. ಇಂಗ್ಲಿಷರು ಅದಕ್ಕೂ ಮೊದಲs ಒಯ್ದಿದ್ರಲ್ಲ, ಅವರ ಕಡೆ ಎಸ್ ಹಂಗs ಉಳಿದದ. ಫೊರೆ ಅಂದ್ರ ಫಾರೆಸ್ಟ್, ಒಪಿತಾಲ್ ಅಂದ್ರ ಹಾಸ್ಪಿಟಲ್, ಬೆತ್ ಅಂದ್ರ ಬೀಸ್ಟ್, ಕೋತ್ ಅಂದ್ರ ಕೋಸ್ಟ್, ಫೆತ್ ಅಂದ್ರ ಫೀಸ್ಟ್. ಟೋಪಿ ತೆಗೀರಿ, ಎಸ್ ಇಡ್ರಿ, ಇಂಗ್ಲಿಷ್ ಸಿಗ್ತದ.

ಎರಡನೇದು, ಶಬ್ದದ ಮೊದಲಿಗೆ ಓರೆಗೆರೆ ಹಾಕಿದ ಎ ಬಂದ್ರ ಅಲ್ಲೂ ಇದೇ ಆಟ. ಎಕೋಲ್ ಅಂದ್ರ ಸ್ಕೂಲ್, ಎತಾ ಅಂದ್ರ ಸ್ಟೇಟ್, ಎಪೋಂಜ್ ಅಂದ್ರ ಸ್ಪಂಜ್, ಎಪಿಸ್ ಅಂದ್ರ ಸ್ಪೈಸ್. ಯಾಕ ಅಂದ್ರ ಆ ಕಡೆ ಮಂದಿಗೆ ಎಸ್ ಮುಂದ ಇನ್ನೊಂದು ವ್ಯಂಜನ ಜೋಡಿ ಆಗಿ ಬಂದ್ರ ನಾಲಿಗಿ ತಿರುಗ್ತಿರಲಿಲ್ಲ, ಮೊದಲೊಂದು ಸ್ವರ ಸೇರಿಸಿಕೊಂಡ್ರು. ನಾವು ಸ್ಕೂಲಿಗೆ ಇಸ್ಕೂಲು ಅಂತೀವಲ್ಲ, ಥೇಟ್ ಅದs. ನಮ್ಮಂಗ ಇಸ್ಕೂಲು ಅಂತ ಸುರು ಮಾಡಿ, ಆಮ್ಯಾಲೆ ಎಸ್ ಉದುರಿಸಿ ಇಕೂಲು ಅಂದಂಗಾತು ಅವರದು. ಇಸ್ಕೂಲು ಅಂದವರಿಗೆ ನಕ್ಕೋತ ಎಕೋಲ್ ಅಂದವರಿಗೆ ಸಲಾಮು ಹೊಡಿಯೂದು ಯಾವ ನ್ಯಾಯ ಅಂತೀನಿ.

ಹಾಸ್ಪಿಟಲ್ ಮಾತು ಬಂತಲ್ಲ. ಅತಿಥಿಗಳನ್ನ ಇಳಿಸೋ ಜಾಗ ಅನ್ನೋ ಒಂದs ಲ್ಯಾಟಿನ್ ಶಬ್ದದಿಂದ ಹಾಸ್ಟೆಲ್, ಹೋಟೆಲ್, ಹಾಸ್ಪಿಟಲ್ ಮೂರೂ ಹುಟ್ಯಾವ. ಜನರ ಬಾಯಾಗ ಸವೆದು ಸವೆದು ಬಂದದ್ದು ಹಾಸ್ಟೆಲ್, ಇನ್ನೂ ಸವೆದು ಎಸ್ ಹೋದದ್ದು ಹೋಟೆಲ್, ಪಂಡಿತರು ಪುಸ್ತಕ ನೋಡಿ ಮತ್ತ ಕರಕೊಂಡು ಬಂದದ್ದು ಹಾಸ್ಪಿಟಲ್. ನಾವು ಸಾಲ್ಯಾಗ ತತ್ಸಮ ತದ್ಭವ ಅಂತ ಕಲ್ತಿವಲ್ಲ, ವಿದ್ಯೆ-ಬಿಜ್ಜೆ, ರತ್ನ-ರನ್ನ, ಅದs ಲೆಕ್ಕ. ಫ್ರೆಂಚಿಗೆ ಲ್ಯಾಟಿನ್ ಅಂದ್ರ ನಮಗ ಸಂಸ್ಕೃತ ಇದ್ದಂಗ ಖರೆ, ಆದ್ರ ಒಂದು ಫರಕು, ಫ್ರೆಂಚು ಲ್ಯಾಟಿನ್ನಿನ ಹೊಟ್ಯಾಗs ಹುಟ್ಟಿದ್ದು, ಕನ್ನಡ ಸಂಸ್ಕೃತದ ಹೊಟ್ಯಾಗ ಹುಟ್ಟಿದ್ದಲ್ಲ.

ರಾತ್ರಿಪಾಳಿ:

ಸೂಪರ್ ಥ್ರೆಡ್. ನನಗೆ ಗೊತ್ತಿರೋದು ಒಂದು ಹೇಳ್ತೀನಿ. ಇಂಗ್ಲಿಷಲ್ಲಿ ಪ್ರಾಣಿ ಜೀವಂತ ಇದ್ರೆ ಕೌ, ಶೀಪ್, ಪಿಗ್, ತಟ್ಟೆಗೆ ಬಂದ್ರೆ ಬೀಫ್, ಮಟನ್, ಪೋರ್ಕ್. ಸಾಕೋನು ಬಡ ಇಂಗ್ಲಿಷ್ ರೈತ, ಅವನ ಪದ ಕೊಟ್ಟಿಗೆಯಲ್ಲಿ ಉಳೀತು, ತಿನ್ನೋನು ಫ್ರೆಂಚ್ ದೊರೆ, ಅವನ ಪದ ಊಟದ ಮೇಜಿಗೆ ಹೋಯ್ತು. ಭಾಷೆಯಲ್ಲೇ ವರ್ಗಭೇದ ಕಾಣುತ್ತೆ ನೋಡಿ ಗುರು, ಇದಕ್ಕಿಂತ ಸಾಕ್ಷಿ ಬೇಕಾ.

ಪದಗಂಟು:

@ರಾತ್ರಿಪಾಳಿ ಕಥೆ ಚೆನ್ನಾಗಿದೆ, ಎಲ್ಲರಿಗೂ ಇಷ್ಟ, ನನಗೂ ಇಷ್ಟ ಇತ್ತು. ಆದ್ರೆ ಅಷ್ಟು ನೀಟಾಗಿ ನಡೆದಿದ್ದಲ್ಲ. ಇದು ಇಷ್ಟು ಫೇಮಸ್ ಆಗಿದ್ದು 1819ರಲ್ಲಿ ಬಂದ ವಾಲ್ಟರ್ ಸ್ಕಾಟನ ಐವನ್‌ಹೋ ಕಾದಂಬರಿಯಿಂದ, ಅದರಲ್ಲಿ ಒಬ್ಬ ವಿದೂಷಕ ಹಂದಿ ಕಾಯೋನಿಗೆ ಇದೇ ಮಾತು ಹೇಳ್ತಾನೆ. ಪದಗಳು ನಾರ್ಮನ್ನರ ಕಾಲದ ಮೇಲೆ ಫ್ರೆಂಚಿಂದ ಬಂದಿದ್ದು ನಿಜ, ಅದರಲ್ಲಿ ತಕರಾರಿಲ್ಲ. ಆದ್ರೆ ತಕ್ಷಣ ಕೊಟ್ಟಿಗೆ ಒಂದು ಮೇಜು ಒಂದು ಅಂತ ಪಾಲಾಗಲಿಲ್ಲ, ಎಷ್ಟೋ ಶತಮಾನ ಬೀಫ್, ಮಟನ್ ಅನ್ನೋ ಪದಗಳನ್ನ ಇಂಗ್ಲಿಷಲ್ಲಿ ಜೀವಂತ ಪ್ರಾಣಿಗೂ ಬಳಸ್ತಿದ್ರು. ಗಟ್ಟಿಯಾಗಿ ಬೇರೆ ಆಗಿದ್ದು ತುಂಬಾ ತಡವಾಗಿ. ಇನ್ನು ಫ್ರೆಂಚಲ್ಲಂತೂ ಇವತ್ತಿಗೂ ಬಫ್ ಅಂದ್ರೆ ಎತ್ತೂ ಹೌದು ಮಾಂಸವೂ ಹೌದು, ಅವರಿಗೆ ಭೇದವೇ ಇಲ್ಲ. ಮೀನು ತಿನ್ನೋಕೆ ದೊರೆಗಳಿಗೆ ಇಷ್ಟ ಇರ್ಲಿಲ್ವಾ? ಫಿಶ್ ನೀರಲ್ಲೂ ಫಿಶ್ಶೇ ತಟ್ಟೆಯಲ್ಲೂ ಫಿಶ್ಶೇ.

ರಾತ್ರಿಪಾಳಿ:

ಅಯ್ಯೋ ಹತ್ತು ವರ್ಷದಿಂದ ಎಲ್ಲಾ ಪಾರ್ಟಿಯಲ್ಲೂ ಇದೇ ಹೇಳ್ಕೊಂಡು ತಿರುಗ್ತಿದ್ದೆ. ಹೋಯ್ತು.

ಸುಮ್ನೆ_ಓದುಗ:

ಒಂದೇ ಫ್ರೆಂಚಿಂದ ಬಂದಿದ್ರೆ ಇಂಗ್ಲಿಷಲ್ಲಿ ಗಾರ್ಡಿಯನ್ ವಾರ್ಡನ್ ಅಂತ ಎರಡು, ಗ್ಯಾರಂಟಿ ವಾರಂಟಿ ಅಂತ ಎರಡು ಯಾಕಿದೆ? ತುಂಬಾ ದಿನದಿಂದ ಡೌಟು.

ಪದಗಂಟು:

ಆಹಾ ಒಳ್ಳೇ ಪ್ರಶ್ನೆ, ಯಾಕಂದ್ರೆ ಒಂದೇ ಫ್ರೆಂಚಿಂದ ಬಂದಿಲ್ಲ! ವಿಲಿಯಂನ ಜೊತೆ ಬಂದಿದ್ದು ಉತ್ತರದ ನಾರ್ಮನ್ ಫ್ರೆಂಚು, ಆಮೇಲೆ ಪ್ರತಿಷ್ಠೆ ಬಂದಿದ್ದು ಪ್ಯಾರಿಸ್ ಕಡೆಯ ಫ್ರೆಂಚಿಗೆ. ಜರ್ಮನಿಕ್ ಜನರ ಬಾಯಿಂದ ಬಂದ ಪದಗಳ ಮೊದಲಲ್ಲಿದ್ದ ವ ಶಬ್ದ ಪ್ಯಾರಿಸ್ ಕಡೆ ಗ ಆಯ್ತು, ಉತ್ತರದಲ್ಲಿ ವ ಆಗೇ ಉಳೀತು. ಇಂಗ್ಲಿಷು ಮೊದಲು ಉತ್ತರದ ರೂಪ ತಗೊಂಡು, ಆಮೇಲೆ ಅದೇ ಪದನ ಪ್ಯಾರಿಸ್ ವೇಷದಲ್ಲಿ ಇನ್ನೊಂದು ಸಲ ತಗೊಳ್ತು, ಒಂದೇ ಸೀರೆ ಎರಡು ಬಣ್ಣದಲ್ಲಿ ಕೊಂಡ ಹಾಗೆ. ವಾರ್ಡನ್-ಗಾರ್ಡಿಯನ್, ವಾರಂಟಿ-ಗ್ಯಾರಂಟಿ. ಯುದ್ಧಕ್ಕೆ ಇಂಗ್ಲಿಷಲ್ಲಿ ವಾರ್ ಫ್ರೆಂಚಲ್ಲಿ ಗೆರ್, ಇವೆರಡೂ ಒಂದೇ ಪದ. ಅಷ್ಟೇ ಯಾಕೆ, ಆ ವಿಲಿಯಂ ಅನ್ನೋ ಹೆಸರೇ ಇವತ್ತಿನ ಫ್ರೆಂಚಲ್ಲಿ ಗಿಯೋಮ್.

ಇದೇ ಥರ ಇನ್ನೊಂದು ಜಾಡು. ಲ್ಯಾಟಿನ್ನಿನ ಕ ಪ್ಯಾರಿಸ್ ಕಡೆ ಅ ಸ್ವರದ ಮುಂದೆ ಚ ಆಯ್ತು, ಉತ್ತರದಲ್ಲಿ ಕ ಆಗೇ ಇತ್ತು. ಅದಕ್ಕೇ ಕ್ಯಾಸಲ್ ಮತ್ತು ಷಾತೋ ಒಂದೇ ಪದ, ಕ್ಯಾಚ್ ಮತ್ತು ಚೇಸ್ ಒಂದೇ ಪದ. ನನಗೆ ತುಂಬಾ ಇಷ್ಟ ಅಂದ್ರೆ ಕ್ಯಾಟಲ್. ಲ್ಯಾಟಿನ್ನಲ್ಲಿ ಆಸ್ತಿ ಅನ್ನೋ ಅರ್ಥದ ಒಂದು ಪದ, ಅದು ನಾರ್ಮನ್ ಬಾಯಲ್ಲಿ ಬಂದು ಕ್ಯಾಟಲ್ ಆಯ್ತು, ಪ್ಯಾರಿಸ್ ಬಾಯಲ್ಲಿ ಬಂದು ಚರಾಸ್ತಿ ಅನ್ನೋ ಅರ್ಥದ ಚಾಟಲ್ ಆಯ್ತು, ನೇರ ಲ್ಯಾಟಿನ್ ರೂಪದಲ್ಲೇ ಬಂದು ವ್ಯಾಪಾರದ ಕ್ಯಾಪಿಟಲ್ ಆಯ್ತು. ಆಸ್ತಿ ಅಂದ್ರೆ ಜಾನುವಾರು ಅಂತ ಹೇಗಾಯ್ತು ಅಂತ ಕನ್ನಡದವರಿಗೆ ವಿವರಿಸೋದೇ ಬೇಡ, ನಮ್ಮ ದನ ಅನ್ನೋ ಪದ ಸಂಸ್ಕೃತದ ಧನ ಅಲ್ವಾ.

ಮತ್ತೆ ಆ ಚ ನೋಡಿ ಪದ ಯಾವಾಗ ಬಂತು ಅಂತಲೂ ಹೇಳಬಹುದು. ಹಳೇ ಫ್ರೆಂಚಲ್ಲಿ ಅದು ನಮ್ಮ ಚ ಥರ ಇತ್ತು, ಆಮೇಲೆ ಫ್ರೆಂಚಲ್ಲಿ ಷ ಆಯ್ತು. ಆದ್ರಿಂದ ಚೀಫ್, ಚೇಂಜ್, ಚೇರ್ ಇವೆಲ್ಲ ಹಳೇ ಅತಿಥಿಗಳು. ಷೆಫ್, ಷಾಂಪೇನ್ ಇವು ತಡವಾಗಿ ಬಂದೋರು. ಚೀಫೂ ಷೆಫೂ ಒಂದೇ ಪದ ಮಾರಾಯ್ರೆ, ತಲೆಯಾಳು ಅಂತ, ಒಬ್ಬ 14ನೇ ಶತಮಾನದಲ್ಲೇ ಬಂದು ಆಫೀಸ್ ಸೇರಿದ, ಇನ್ನೊಬ್ಬ 19ನೇ ಶತಮಾನದಲ್ಲಿ ಬಂದು ಅಡುಗೆಮನೆ ಸೇರಿದ.

ಅರ್ಧಂಬರ್ಧ:

ಇಷ್ಟೆಲ್ಲಾ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ನೋಟ್‌ಬುಕ್ಕಲ್ಲಿ ಟೋಪಿ ಪದಗಳಿಗೆಲ್ಲಾ ಎಸ್ ಹಾಕ್ತಾ ಕೂತಿದ್ದೆ. ಹಾಗಾದ್ರೆ ಇವು ಕೂಡ ಅಣ್ಣತಮ್ಮ ತಾನೇ, ಬೆಂಕಿಗೆ ಇಂಗ್ಲಿಷಲ್ಲಿ ಫೈರ್ ಫ್ರೆಂಚಲ್ಲಿ ಫ. ನಮ್ಮ ಹತ್ರ ಏನಾದ್ರೂ ಇರೋದಕ್ಕೆ ಹ್ಯಾವ್ ಮತ್ತೆ ಅವ್ವಾರ್, ಲ್ಯಾಟಿನ್ನಲ್ಲಿ ಹಬೇರೆ ಅಂತೆ, ಹ ಕೂಡ ಇದೆ. ಐಲ್ಯಾಂಡ್ ಮತ್ತೆ ಇಲ್, ಇದರಲ್ಲಂತೂ ಟೋಪಿ ಎಸ್ ಎರಡೂ ಇದೆ.

ಹಳೇ ಮಾಸ್ತರ:

ಮೂರೂ ಅಲ್ರಿ! ಹುಡುಕಿ ಹುಡುಕಿ ಮೂರೂ ಖೊಟ್ಟಿನs ಹಿಡದೀರಿ ನೀವು.

ಫ ಅನ್ನೋದು ಲ್ಯಾಟಿನ್ನಿನ ಫೋಕುಸ್‌ದಿಂದ ಬಂದದ, ಅದು ಒಲಿ, ಮನೀ ಒಲಿ. ಕ್ಯಾಮೆರಾದ ಫೋಕಸ್ ಅದs. ಇಂಗ್ಲಿಷ್ ಫೈರ್ ಬ್ಯಾರೆ ಬಳ್ಳಿ, ಅದರ ಅಣ್ಣತಮ್ಮಂದಿರು ಗ್ರೀಕ್ ಭಾಷಾದಾಗ ಅದಾರ. ಐಲ್ಯಾಂಡ್ ಅಪ್ಪಟ ಹಳೇ ಇಂಗ್ಲಿಷ್ ಶಬ್ದ, ಅದರಾಗ ಎಸ್ ಇರಲೇ ಇಲ್ಲ. ಫ್ರೆಂಚಿಂದ ಬಂದ ಐಲ್ ಅನ್ನೋ ಶಬ್ದದೊಳಗ ಎಸ್ ನೋಡಿ, ಓಹೋ ಇದರದೂ ಇರಬೇಕು ಅಂತ ತಿಳಿದವರು ತಿಳಿಗೇಡಿತನದಿಂದ ಎಸ್ ತುರುಕಿದ್ರು. ಇವತ್ತಿಗೂ ಉಚ್ಚಾರ ಇಲ್ಲ ನೋಡ್ರಿ ಅದಕ್ಕ.

ಹ್ಯಾವ್ ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲಿಷು ಫ್ರೆಂಚಿಂದ ಒಯ್ಯದs ಎರಡರಾಗೂ ಇರೋ ಒಂದು ಹಳೇ ನಂಟದ, ಇಬ್ಬರ ಮುತ್ತಜ್ಜ ಒಬ್ಬನs. ಅಲ್ಲಿ ಶಬ್ದಗಳು ನೋಡಾಕ ಒಂದs ಥರ ಇರಂಗಿಲ್ಲ, ಆದ್ರ ಕ್ರಮ ಇರ್ತದ. 1822ರಾಗ ಜರ್ಮನಿಯ ಯಾಕೋಬ್ ಗ್ರಿಮ್ ಇದನ್ನ ಕ್ರಮವಾಗಿ ಬರದಿಟ್ಟ. ಲ್ಯಾಟಿನ್ ಕಡೆ ಪ ಇದ್ದಲ್ಲಿ ಇಂಗ್ಲಿಷಿನ್ಯಾಗ ಫ. ಪಿಯೆ-ಫುಟ್, ಪೇರ್-ಫಾದರ್, ಪ್ವಾಸೋಂ-ಫಿಶ್. ಸಂಸ್ಕೃತದ ಪಾದ, ಪಿತೃ ಜೋಡಿಸಿ ನೋಡ್ರಿ, ತಾವs ಕೂಡ್ತಾವ. ಹಳಗನ್ನಡದ ಪಾಲ್ ಹಾಲಾತು, ಪೂ ಹೂವಾತು ಅಂತ ನಮಗೂ ಇಂಥಾ ರೂಢಿ ಐತಲ್ಲ. ಲ್ಯಾಟಿನ್ ದ ಇದ್ದಲ್ಲಿ ಇಂಗ್ಲಿಷ್ ಟ, ಹಲ್ಲಿಗೆ ದಾಂ-ಟೂತ್, ಸಂಸ್ಕೃತದಾಗ ದಂತ. ಲ್ಯಾಟಿನ್ ಕ ಇದ್ದಲ್ಲಿ ಇಂಗ್ಲಿಷ್ ಹ, ಹೃದಯಕ್ಕ ಕರ್-ಹಾರ್ಟ್, ಕೊಂಬಿಗೆ ಕಾರ್ನ್-ಹಾರ್ನ್.

ಈಗ ನೀವs ಹೇಳ್ರಿ. ಇಂಗ್ಲಿಷ್ ಹ್ಯಾವ್ ಶಬ್ದದ ಹ ಲ್ಯಾಟಿನ್ನಿನ ಕ ಆಗಬೇಕು, ಹ ಅಲ್ಲ. ಅದರ ಖರೇ ತಮ್ಮ ಲ್ಯಾಟಿನ್ನಿನ ಕಾಪೆರೆ, ಹಿಡಿ ಅಂತ ಅರ್ಥ, ಕ್ಯಾಪ್ಚರ್ ಅದರಿಂದ ಬಂದದ್ದು. ಹಬೇರೆಗೂ ಹ್ಯಾವ್‌ಗೂ ರಕ್ತಸಂಬಂಧ ಇಲ್ಲ. ಮಾರಿ ನೋಡಿ ಮಣಿ ಹಾಕಬ್ಯಾಡ್ರಿ. ಆದ್ರ ಈ ಕ್ರಮಕ್ಕ ಸಿಗೂದು ಹಳೇ ನಂಟು ಅಷ್ಟs, ಎರವಲು ಬಂದ ಶಬ್ದಕ್ಕ ಇದು ನಡಿಯಂಗಿಲ್ಲ.

ಕಡಲಕಾಗೆ:

ಎಲ್ಲರೂ ಫ್ರೆಂಚಿಂದ ಇಂಗ್ಲಿಷಿಗೆ ಅಂತ ಹೇಳ್ತಿದ್ದೀರಿ, ವಾಪಸ್ ಹೋದದ್ದೂ ಉಂಟು ಮಾರಾಯ್ರೆ. ಫ್ರೆಂಚಿನ ನಾಲ್ಕು ದಿಕ್ಕಿನ ಹೆಸರೂ, ನೋರ್, ಸ್ಯೂದ್, ಎಸ್ತ್, ವೆಸ್ತ್, ಹಳೇ ಇಂಗ್ಲಿಷಿನದ್ದು. ದೋಣಿಗೆ ಹೇಳುವ ಬಾತೋ ಕೂಡ ಇಂಗ್ಲಿಷಿನ ಬೋಟ್. ಕಡಲಿನ ಮಾತು ಆಚೆ ದಡದಿಂದ ಬಂದದ್ದು ಅಂತ ಆಯ್ತಲ್ಲ.

ಮತ್ತೆ ಕೆಲವು ಹೋಗಿ ತಿರುಗಿ ಬಂದವು. ಬುಜೆಟ್ ಅಂತ ಹಳೇ ಫ್ರೆಂಚಲ್ಲಿ ಸಣ್ಣ ಚರ್ಮದ ಚೀಲ, ಇಂಗ್ಲೆಂಡಿಗೆ ಹೋಯ್ತು, ಅಲ್ಲಿ ಸರ್ಕಾರದ ಲೆಕ್ಕಪತ್ರ ಆಯ್ತು, ಬಜೆಟ್ ಅಂತ ಹೊಸ ವೇಷದಲ್ಲಿ ವಾಪಸ್ ಫ್ರಾನ್ಸಿಗೆ ಬಂತು. ಆಟಗಾರರು ಚೆಂಡು ಹೊಡೆಯುವ ಮೊದಲು ಹಿಡಿ ಅಂತ ಕೂಗ್ತಿದ್ದ ತೆನೆ ಅನ್ನೋ ಫ್ರೆಂಚ್ ಪದ ಟೆನಿಸ್ ಆಗಿ ವಾಪಸ್. ಬಫ್ ಹೋಗಿ ಬೀಫ್ ಆಗಿ, ಬೀಫ್‌ಸ್ಟೇಕ್ ಆಗಿ, ಬಿಫ್ತೆಕ್ ಅಂತ ಪುನಃ ಫ್ರೆಂಚರ ತಟ್ಟೆಗೇ ಬಿತ್ತು. ಫಾರಿನ್ನಿಗೆ ಹೋಗಿ ಬಂದವನ ಗುರುತು ಊರವರಿಗೆ ಸಿಗುವುದಿಲ್ಲ ನೋಡಿ.

ಇನ್ನೊಂದು, ಡ್ಯಾಂಡಿಲಿಯನ್ ಅಂತ ಹಳದಿ ಹೂವಿನ ಗಿಡ ಉಂಟಲ್ಲ, ಅದು ಫ್ರೆಂಚಿನ ದಾಂ-ದ-ಲಿಯೋಂ, ಸಿಂಹದ ಹಲ್ಲು, ಎಲೆ ಗರಗಸದ ಹಾಗೆ ಇರುವುದಕ್ಕೆ. ಇಷ್ಟು ಚಂದದ ಹೆಸರು ಇಂಗ್ಲಿಷರಿಗೆ ದಾನ ಕೊಟ್ಟು ಫ್ರೆಂಚರು ತಮಗೆ ಇಟ್ಕೊಂಡದ್ದು ಎಂತ ಗೊತ್ತುಂಟಾ, ಪಿಸಾಂಲಿ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವಂಥದ್ದು! ಆ ಸೊಪ್ಪು ತಿಂದ್ರೆ ಮೂತ್ರ ಜಾಸ್ತಿ ಹೋಗ್ತದೆ ಅಂತ.

ಸುಮ್ನೆ_ಓದುಗ:

ಪಿಸಾಂಲಿ 😂😂 ಇವತ್ತಿನ ದಿನಕ್ಕೆ ಸಾಕು ಇದು.

ಪದಗಂಟು:

ಪ್ಯಾಂ ಪೇನ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಈಗ ನೆನಪಾಯ್ತು. ಅವು ಅಕ್ಷರ ಮಾತ್ರ ಒಂದೇ, ಸಂಬಂಧ ಇಲ್ಲ. ನೋವಿನ ಪೇನ್ ಶಿಕ್ಷೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದಿದ್ದು, ಫ್ರೆಂಚಲ್ಲಿ ಅದು ಪೆನ್ ಆಗಿ ಬೇರೆ ಇದೆ. ಪ್ಯಾಂ ಬಂದಿದ್ದು ಲ್ಯಾಟಿನ್ನಿನ ಪಾನಿಸ್‌ನಿಂದ. ಇಂಗ್ಲಿಷಲ್ಲಿ ಆ ಬ್ರೆಡ್ಡು ಬಚ್ಚಿಟ್ಕೊಂಡಿರೋದು ಕಂಪ್ಯಾನಿಯನ್ ಒಳಗೆ, ಜೊತೆಗೆ ಕೂತು ಬ್ರೆಡ್ ತಿನ್ನೋನು ಅಂತ, ಕಂಪನಿ ಕೂಡ ಅದೇ ಬಳಗ. ಫ್ರೆಂಚಲ್ಲಿ ಗೆಳೆಯನಿಗೆ ಕೊಪ್ಯಾಂ.

ಊಟದ ಹೆಸರಿಗೆ ಬಂದ್ರೆ ದೆಜೆನೆ ಅಂದ್ರೂ ದಿನೆ ಅಂದ್ರೂ ಮೂಲ ಒಂದೇ, ಉಪವಾಸ ಮುರಿಯೋದು. ಇಂಗ್ಲಿಷಿನ ಬ್ರೇಕ್‌ಫಾಸ್ಟ್ ಅರ್ಥವೂ ಅಷ್ಟೇ, ಡಿನ್ನರ್ ಕೂಡ ಆ ದಿನೆಯೇ. ಅಂದ್ರೆ ಪದದ ಲೆಕ್ಕದಲ್ಲಿ ಬೆಳಿಗ್ಗೆ ತಿಂದ್ರೂ ರಾತ್ರಿ ತಿಂದ್ರೂ ತಿಂಡಿನೇ. ಫ್ರಾನ್ಸಲ್ಲಿ ದೆಜೆನೆ ಮಧ್ಯಾಹ್ನಕ್ಕೆ ಜಾರಿ, ಬೆಳಗಿನದಕ್ಕೆ ಪುಟ್ಟ ದೆಜೆನೆ ಅಂತ ಇನ್ನೊಂದು ಮಾಡ್ಕೊಂಡ್ರು. ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡ್, ಕೆನಡಾದ ಕೆಬೆಕ್ ಕಡೆ ಫ್ರೆಂಚ್ ಮಾತಾಡೋರು ದೆಜೆನೆಗೆ ಕರೆದ್ರೆ ಬೆಳಿಗ್ಗೆನೇ ಹೋಗಿ, ಮಧ್ಯಾಹ್ನ ಹೋದ್ರೆ ಪಾತ್ರೆ ತೊಳೆದಿಟ್ಟಿರ್ತಾರೆ.

@ಅರ್ಧಂಬರ್ಧ ನಂಬಬಹುದಾ ಬಾರದಾ ಅಂತ ಕೇಳಿದ್ರಲ್ಲ, ನನ್ನ ಲೆಕ್ಕ ಇದು. ಉದ್ದದ, ಪುಸ್ತಕದ ವಾಸನೆ ಇರೋ ಪದಗಳು, ಷನ್ ಅಂತ ಮುಗಿಯೋವು, ಬಹುಪಾಲು ಮೋಸ ಮಾಡಲ್ಲ. ಮೋಸ ಮಾಡೋದು ದಿನಬಳಕೆಯ ಚಿಕ್ಕ ಪದಗಳು. ಅವು ಜನರ ಬಾಯಲ್ಲಿ ಜಾಸ್ತಿ ಓಡಾಡಿರ್ತಾವೆ, ಜಾಸ್ತಿ ಜಾರಿರ್ತಾವೆ. ಕ್ವ್ಯಾಂ ಅಂದ್ರೆ ಅವರಿಗೆ ಮೂಲೆ, ಇಂಗ್ಲಿಷಲ್ಲಿ ಅದೇ ಸ್ಪೆಲ್ಲಿಂಗು ನಾಣ್ಯ. ಬೆಣೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಎರಡೂ ಹೊರಟಿದ್ದು, ಬೆಣೆಯಾಕಾರದ ಮೂಲೆ ಒಂದು, ನಾಣ್ಯಕ್ಕೆ ಅಚ್ಚೊತ್ತೋ ಬೆಣೆಯಾಕಾರದ ಉಳಿ ಇನ್ನೊಂದು. ಷನ್ ಪದದಲ್ಲೂ ಲೊಕಾಸಿಯೋಂ ಥರದ್ದು ಒಂದೊಂದು ಕಳ್ಳ ಇರ್ತಾನೆ, ಅದು ಜಾಗ ಅಲ್ಲ, ಬಾಡಿಗೆ.

ಅರ್ಧಂಬರ್ಧ:

ಸರ್ ಒಂದು ಕೊನೇ ಡೌಟು. ನಾಳೆ ಕ್ಲಾಸ್ ಅಟೆಂಡ್ ಮಾಡ್ತೀನಿ ಅಂತ ಟೀಚರ್‌ಗೆ ಮೆಸೇಜ್ ಹಾಕೋಕೆ ಅತಾಂದ್ರ್ ಅನ್ನೋ ಕ್ರಿಯಾಪದ ಹಾಕಿದ್ರೆ ಸರಿ ತಾನೇ? ಡಿಕ್ಷನರಿಯಲ್ಲಿ ನೋಡಿದೆ, ಲ್ಯಾಟಿನ್ ಮೂಲ ಒಂದೇ ಅಂತಿದೆ. ಖೊಟ್ಟಿ ಅಲ್ಲ, ಚೆಕ್ ಮಾಡಿದೀನಿ ಈ ಸಲ.

ಪದಗಂಟು:

ಮೂಲ ಒಂದೇ, ಕಡೆಗೆ ಚಾಚು ಅಂತ, ಮನಸ್ಸನ್ನ ಆ ಕಡೆ ಚಾಚೋದು. ಆದ್ರೆ ಫ್ರೆಂಚಲ್ಲಿ ಅದು ಕಾಯೋದು. ನೀವು ಬರೆದಿದ್ದರ ಅರ್ಥ ಕ್ಲಾಸಿಗೋಸ್ಕರ ಕಾಯ್ತಾ ಇದೀನಿ ಅಂತ ಆಗುತ್ತೆ. ಹಾಜರಾಗೋದಕ್ಕೆ ಅಸಿಸ್ತೆ ಅಂತ ಹಾಕಿ, ಅದು ಇಂಗ್ಲಿಷಿನ ಅಸಿಸ್ಟ್ ಥರ ಕಾಣುತ್ತೆ, ಹೆದರಬೇಡಿ, ಕ್ಲಾಸಿಗೆ ಸಹಾಯ ಮಾಡ್ತೀನಿ ಅಂತ ಆಗಲ್ಲ.

ಅರ್ಧಂಬರ್ಧ:

ಕಳಿಸಿಬಿಟ್ಟೆ ಸರ್ ಆಗಲೇ. ಟೀಚರ್ ರಿಪ್ಲೈ ಬಂತು, "ನಾನೂ ಕಾಯ್ತಾ ಇದೀನಿ, ಹೋಮ್‌ವರ್ಕ್‌ಗೆ" ಅಂತೆ.